ಒಂದೇ ನೀರಿನವರು

ಪಾತಮ್ಮನ ಎಡಗಾಲಿನ ಬೆರಳ ಸಂದಿ ಒರೆಸುತ್ತಿದ್ದ ಮೂಗಮ್ಮ ಒದ್ದೆ ಬಟ್ಟೆಯನ್ನು ಕೈಯಲ್ಲೇ ಹಿಡಿದುಕೊಂಡು ಮತ್ತೆ ಎದ್ದಳು. ಬೆಳಗಿನಿಂದ ಇದು ನಾಲ್ಕನೆಯ ಸಲ. ಬಾಗಿಲ ತನಕ ಹೋದಳು, ಗುಡಿಯ ಕಡೆ ಇಣುಕಿದಳು, ತಿರುಗಿ ಬಂದು ಕೂತಳು.

"ಅತ್ತೆ, ಒಂದ್ ಕಾಲಿಗೇ ಇಷ್ಟೊತ್ತಾದ್ರೆ ಇನ್ನೊಂದಕ್ಕೆ ನಾಳೆ ಆಗ್ತೈತೆ ನೋಡ್ರಿ," ಎಂದಳು ಸೊಸೆ ಸ್ವಪ್ನ. ಅವಳು ಸತ್ತವಳ ತಲೆಗೆ ಎಣ್ಣೆ ಹಚ್ಚಿ ಬಾಚುತ್ತಿದ್ದಳು. "ಪಾತಮ್ಮಜ್ಜಿ ಬದುಕಿದ್ರೆ ನಿಮ್ಮ ಕೈಯಾಗಿನ ಬಟ್ಟೆ ಕಿತ್ಕಂಡು ತಾನೇ ಒರೆಸ್ಕಂತಿದ್ಲು."

ಸುತ್ತ ಕೂತು ಅಳುತ್ತಿದ್ದ ಹೆಂಗಸರು ನಕ್ಕರು. ಗುಡಿಯ ಕಸವನ್ನು ಐವತ್ತು ವರ್ಷ ಗುಡಿಸಿದ ಕೈ ಅದು. ಇನ್ನೊಬ್ಬರು ಪೊರಕೆ ಮುಟ್ಟಿದರೆ ಸಹಿಸುತ್ತಿರಲಿಲ್ಲ. ಮೂಗಮ್ಮ ಮಾತ್ರ ನಗಲಿಲ್ಲ.

"ಪಾಸ್ಟರ್ ಏನ್ ಮಾಡ್ತವ್ರೆ?"

"ಹಳೇ ಪುಸ್ತಕ ಹುಡುಕ್ತವ್ರೆ. ಹೆಸರು ಓದ್ಬೇಕಲ್ಲ."

ಮೂಗಮ್ಮ ಒರೆಸಿದ ಬೆರಳನ್ನೇ ಮತ್ತೆ ಒರೆಸಿದಳು.

ತಳಕಿನ ಆಚೆ, ಮೊಳಕಾಲ್ಮೂರಿನ ದಾರಿಯಲ್ಲಿರುವ ಆ ಗುಡಿಗೆ ಸುತ್ತಲ ಹಳ್ಳಿಯವರು ಇಟ್ಟ ಹೆಸರು ಮುಳುಗೋರ ಗುಡಿ. ಗಡಿಯಾಚೆಯ ತೆಲುಗು ಸೀಮೆಯಿಂದ ಒಬ್ಬ ಪಾದ್ರಿ ಅಯ್ಯಗಾರು ನಡೆದು ಬಂದು, ಬೇವಿನ ಮರದಡಿ ಕೂತು ಯೇಸುವಿನ ಕತೆ ಹೇಳಿ ಕೂಡಿಸಿದ ಬ್ಯಾಪ್ಟಿಸ್ಟ್ ಸಭೆ ಅದು. ಮನೆಗಿಷ್ಟು ಎಂದು ಗುಡ್ಡದ ಕಲ್ಲನ್ನು ತಲೆಯ ಮೇಲೆ ಹೊತ್ತು ಗೋಡೆ ಎಬ್ಬಿಸಿದರು. ಹೆಸರು ಯಾರೂ ಬದಲಿಸಿಕೊಳ್ಳಲಿಲ್ಲ. ಆದರೆ ಒಂದು ಕಟ್ಟಳೆ ಮಾತ್ರ ಬಿಗಿ. ಇವರಲ್ಲಿ ಕೂಸಿನ ನೆತ್ತಿಗೆ ನೀರು ಚಿಮುಕಿಸುವುದಿಲ್ಲ. ಬುದ್ಧಿ ಬಲಿತ ಮೇಲೆ, ನಂಬಿದ್ದೇನೆಂದು ಬಾಯಿಬಿಟ್ಟು ಹೇಳಿ, ಮೈಪೂರ್ತಿ ನೀರಿನಲ್ಲಿ ಮುಳುಗಿ ಏಳಬೇಕು. ಹಾಗೆ ಎದ್ದವರಿಗೇ ಕರ್ತನ ಮೇಜಿನ ರೊಟ್ಟಿ. ಅವರಿಗೇ ಸಭೆಯ ಕೂಟದಲ್ಲಿ ಕೈ ಎತ್ತುವ ಹಕ್ಕು. ಅವರಿಗೇ ಕೊನೆಗೆ ಗುಡಿಯ ಹಿಂದೆ, ಗೋಡೆಯೊಳಗೆ ಮಣ್ಣು. ಪೆಟ್ಟಿಗೆ ಎತ್ತುವ ಮುಂಚೆ ಪಾಸ್ಟರ್ ಪುಸ್ತಕ ತೆರೆದು, ಸತ್ತವರು ಯಾವ ವರ್ಷ ಯಾವ ನೀರಿನಲ್ಲಿ ಮುಳುಗಿದರೆಂದು ಓದುತ್ತಾರೆ. ಅದನ್ನು ಕೇಳದೆ ಅಲ್ಲಿ ಯಾರೂ ಗುಂಡಿ ತೋಡಿದ್ದಿಲ್ಲ.

ಮೂರು ತಿಂಗಳ ಹಿಂದೆ ಬಂದ ಚಿಕ್ಕ ವಯಸ್ಸಿನ ಪಾಸ್ಟರ್ ರವಿಕಿರಣ್ ಅಂಗಳಕ್ಕೆ ಬಂದ. ಕೈಯಲ್ಲಿದ್ದ ಪುಸ್ತಕದಿಂದ ಮಣ್ಣು ಉದುರುತ್ತಿತ್ತು.

"ಅಮ್ಮಾ, ಪಾತಮ್ಮನವರು ಮುಳುಗಿದ ವರ್ಷದ ಹಾಳೆಗಳನ್ನ ಗೆದ್ದಲು ತಿಂದುಬಿಟ್ಟಿದೆ."

ಹಿಂದೆಯೇ ಬಂದ ಹನುಮಂತರಾಜು ಸಭೆಯ ಹಿರಿಯ. "ಪುಸ್ತಕ ಹೋದ್ರೆ ಹೋಗ್ಲಿ ಅಕ್ಕ. ಒಂದೇ ನೀರಿನೋರು ಒಬ್ರು ಎದ್ದು ಹೇಳಿದ್ರೆ ಸಾಕು. ಆ ವರ್ಷ ಮುಳುಗಿದ ಹದಿನಾಕು ಮಂದ್ಯಾಗೆ ಈಗ ನೀನೊಬ್ಳೇ ಉಳ್ದಿರಾದು. 'ನಾನ್ ಕಣ್ಣಾರೆ ನೋಡೀನಿ' ಅಂದ್ಬಿಡು, ಮುಗೀತು."

"ಹೂಂ. ಕೈ ತೊಳ್ಕಂಡ್ ಬರ್ತೀನಿ," ಎಂದು ಮೂಗಮ್ಮ ಹಿತ್ತಲಿಗೆ ಹೋದಳು. ಅಷ್ಟೊತ್ತು ನೀರಿನಲ್ಲೇ ಇದ್ದ ಕೈ ತೊಳೆಯುವುದೇನೆಂದು ಯಾರೂ ಕೇಳಲಿಲ್ಲ.

ಹಿತ್ತಲಲ್ಲಿ ನಿಲ್ಲಲಾಗಲಿಲ್ಲ. ಕಟ್ಟೆಯ ಮೇಲೆ ಕೂತರೆ ಕಾಲು ತಾನಾಗಿ ಅಲುಗುತ್ತಿತ್ತು. ಮೂರು ದಿನದ ಹಿಂದೆ ಪಾತಮ್ಮ ಇದೇ ಹಿತ್ತಲ ಬಿಸಿಲಿಗೆ ಚಾಪೆ ಹಾಕಿಸಿಕೊಂಡು ಮಲಗಿದ್ದಳು.

"ಲೇ ಮೂಗಿ, ನನ್ನ ಎಲ್ಲಿ ಇಡ್ತಾರೆ?"

"ಪಾಲಣ್ಣನ ಪಕ್ಕ. ಹನ್ನೆರಡು ವರ್ಷದಿಂದ ಜಾಗ ಬಿಟ್ಟಾರಲ್ಲೇ ನಿಂಗೆ."

"ಹೂಂ, ಅಲ್ಲೇ ಇಡ್ಸು. ನನ್ ಗಂಡನ ಪಕ್ಕ ಬಿಟ್ಟು ಬ್ಯಾರೆ ಕಡೆ ನಂಗೆ ನಿದ್ದೆ ಬರಾಕಿಲ್ಲ." ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡು ಮತ್ತೆ ಅಂದಳು, "ಆದ್ರೆ ಸುಳ್ಳು ಹೇಳಿ ಇಡಿಸ್ಬ್ಯಾಡ ಕಣೇ. ಅದು ಒಂದು ಸಲ ಆದದ್ದು ಸಾಕು."

ಎರಡನ್ನೂ ಒಟ್ಟಿಗೆ ಕೇಳಿ ಅವಳು ಕಣ್ಣು ಮುಚ್ಚಿಬಿಟ್ಟಳು. ಉಳಿದವಳು ಏನು ಮಾಡಬೇಕು?

*

ಐವತ್ತು ವರ್ಷದ ಹಿಂದಿನ ಆ ವರ್ಷ ಹಳ್ಳ ಬಂದಿತ್ತು. ನಾಲ್ಕು ವರ್ಷ ಕಾದ ಮೇಲೆ ಬಂದಿತ್ತು. ಊರ ಬಾವಿಗೆ ಇವರನ್ನು ಇಳಿಯಗೊಡುತ್ತಿರಲಿಲ್ಲವಾದ್ದರಿಂದ ಹಳ್ಳ ಹರಿದ ವರ್ಷವೇ ದೀಕ್ಷಾಸ್ನಾನ. ಗಂಡಸರು ಎರಡು ದಿನ ಮರಳಿನ ಮೂಟೆ, ಕಲ್ಲು ಅಡ್ಡ ಹಾಕಿ ಸೊಂಟದುದ್ದ ನೀರು ನಿಲ್ಲಿಸಿದರು. ಪಾತಮ್ಮನ ಗಂಡ ಪಾಲಣ್ಣ ಒಡ್ಡು ಕೊಚ್ಚಿಹೋಗದಂತೆ ಕೆಳಗಡೆಯಿಂದ ಮೂಟೆಗಳಿಗೆ ಬೆನ್ನು ಕೊಟ್ಟು, ನೀರಿನ ಕಡೆಗೆ ತಿರುಗದೆ ನಿಂತಿದ್ದ. ಹೆಸರು ಕೂಗುವುದು ಮಾತ್ರ ಅವನ ಕಿವಿಗೆ ಬೀಳುತ್ತಿತ್ತು.

ಹೆಂಗಸರೆಲ್ಲ ಒಂದೇ ತರದ ಬಿಳಿ ಒರಟು ಸೀರೆ ಉಟ್ಟು ಹುಬ್ಬಿನ ತನಕ ಸೆರಗು ಎಳೆದುಕೊಂಡಿದ್ದರು. ನೀರು ಕೆಮ್ಮಣ್ಣಿನದು, ಮುಳುಗಿ ಎದ್ದವರನ್ನು ಹೆತ್ತ ತಾಯಿಯೂ ಗುರುತು ಹಿಡಿಯುವಂತಿರಲಿಲ್ಲ. ಮುದುಕ ಅಯ್ಯಗಾರು ಕನ್ನಡಕ ತೆಗೆದಿಟ್ಟು ನೀರಿಗಿಳಿದಿದ್ದರು.

ಮೂಗಮ್ಮ ಮುಳುಗಿ, ಎದ್ದು, ನಡುಗುತ್ತಾ ಲಕ್ಕಿ ಗಿಡದ ಮರೆಗೆ ಬಂದರೆ, ಸಾಲಿನಲ್ಲಿ ಕೊನೆಯವಳಾದ ಪಾತಮ್ಮ ಅಲ್ಲಿ ನೆಟ್ಟ ಕಲ್ಲಿನಂತೆ ನಿಂತಿದ್ದಳು. ಹಟ್ಟಿಯಲ್ಲಿ ಕುರಿ ಕಾಯುವವರ ಮಗಳು ಅವಳು. ಎಂಟು ವರ್ಷದವಳಿದ್ದಾಗ, ಜೊತೆಗೆ ನೀರು ಸೇದಲು ಬಂದ ತಂಗಿ ಬಾವಿಗೆ ಜಾರಿದ್ದನ್ನು ಕಣ್ಣೆದುರೇ ಕಂಡವಳು.

"ಆಗಾಕಿಲ್ಲ ಕಣೇ. ನಂಬೀನಿ, ಎಲ್ಲಾ ನಂಬೀನಿ. ಕಾಲು ಏಳಾಕಿಲ್ಲ."

"ಪಾತಮ್ಮಾ!" ಎಂದು ನೀರಿನಿಂದ ಕೂಗು ಬಂತು. ಒಡ್ಡಿನ ಕೆಳಗಿನಿಂದ ಪಾಲಣ್ಣನ "ಸ್ತೋತ್ರ!" ಕೇಳಿಸಿತು. ಹೆಂಡತಿಯ ಹೆಸರು ಕೇಳಿಯೇ ಅವನ ದನಿ ಒಡೆದಿತ್ತು.

ಮೂಗಮ್ಮನಿಗೆ ಆಗ ಇಪ್ಪತ್ತು. ಯೋಚನೆ ಮಾಡುವ ವಯಸ್ಸಲ್ಲ. "ಕುಂತ್ಕ ಇಲ್ಲೇ, ಉಸಿರೆತ್ತಬ್ಯಾಡ," ಎಂದವಳೇ ಸೆರಗು ಮುಂದಕ್ಕೆಳೆದು ಮತ್ತೆ ನೀರಿಗೆ ನಡೆದಳು.

"ಭಯಪಡಕಮ್ಮಾ, ರಾ," ಎಂದು ತೆಲುಗಿನಲ್ಲೇ ಧೈರ್ಯ ಹೇಳುತ್ತಾ ಅಯ್ಯಗಾರು ಕೈ ಚಾಚಿದರು. ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಎರಡನೆಯ ಸಲ ಅವಳ ತಲೆ ನೀರಿನೊಳಗೆ ಹೋಯಿತು. ತಿರುಗಿ ಬಂದು, ನೋಡಿದವರಿಗೆ ನಂಬಿಕೆ ಬರಲೆಂದು ತನ್ನ ಸೆರಗನ್ನು ಪಾತಮ್ಮನ ನೆತ್ತಿಯ ಮೇಲೆ ಹಿಂಡಿದಳು.

ಬರುವ ವರ್ಷ ಯಾರಿಗೂ ಕಾಣದಂತೆ ನಿಜವಾಗಿ ಮುಳುಗಿಸಿದರಾಯಿತು ಎಂದುಕೊಂಡಿದ್ದರು. ಹಳ್ಳ ಮತ್ತೆ ಬಂದದ್ದು ಒಂಬತ್ತು ವರ್ಷಕ್ಕೆ. ಅಷ್ಟರಲ್ಲಿ ಹೆಸರು ಪುಸ್ತಕ ಸೇರಿ ಹಳೆಯದಾಗಿತ್ತು.

*

ಪೆಟ್ಟಿಗೆಯನ್ನು ಗುಡಿಯೊಳಗೆ ಬೆಂಚಿನ ಮೇಲೆ ಇಟ್ಟಿದ್ದರು. ಪಾತಮ್ಮನ ಅಣ್ಣನ ಮಗ ಉಗ್ರಪ್ಪ ಹಟ್ಟಿಯಿಂದ ಟ್ರ್ಯಾಕ್ಟರಿನಲ್ಲಿ ಬಂದಿದ್ದ. ತವರಿನ ಕಡೆಯ ಕರಿ ಕಂಬಳಿಯನ್ನು ಅತ್ತೆಯ ಕಾಲ ಮೇಲೆ ಹೊದಿಸಿ, ಹೊಸ್ತಿಲಾಚೆ ಹೋಗಿ ನಿಂತ. ಒಳಗೆ ಕೂರು ಎಂದರೂ ಕೂರಲಿಲ್ಲ.

ಪಾಸ್ಟರ್ ಕರೆದಾಗ ಮೂಗಮ್ಮ ಎದ್ದಳು.

"ಪಾತಮ್ಮ ಮುಳುಗಿಲ್ಲ," ಎಂದಳು. "ಅವಳ ಹೆಸರು ಕೂಗಿದಾಗ ನಾನ್ ಮುಳುಗ್ದೆ."

ಮೂಗಮ್ಮ ನಿಲ್ಲಿಸದೆ ಎಲ್ಲವನ್ನೂ ಹೇಳಿದಳು: ತಂಗಿ, ಬಾವಿ, ಲಕ್ಕಿ ಗಿಡ, ಹಿಂಡಿದ ಸೆರಗು. "ತಿಂಗಳ ಮೊದಲನೇ ಭಾನುವಾರ ರೊಟ್ಟಿ ಸುಟ್ಟು ತರಾಳು ಅವಳೇ. ಅದು ನಿಮ್ ಮುಂದೆ ಬರೋ ಹೊತ್ತಿಗೆ ಆಡು ಬಂತು, ಹಾಲಿಟ್ಟು ಬಂದೀನಿ ಅಂತ ಎದ್ದು ಹೋಗಾಳು. ಒಂದ್ ಚೂರು ಬಾಯಿಗಿಟ್ಟಿಲ್ಲ. ಕೇಳ್ರಿ, ಯಾರಾದ್ರೂ ನೋಡೀರಾ?"

ಯಾರೂ ನೋಡಿರಲಿಲ್ಲ. ನೋಡಿಲ್ಲವೆಂಬುದು ಎಲ್ಲರಿಗೂ ಈಗಷ್ಟೇ ಹೊಳೆಯಿತು.

"ಐವತ್ ವರ್ಷ ಹೊಟ್ಟ್ಯಾಗ್ ಇಟ್ಕಂಡಿದ್ರಾ ಅತ್ತೆ?" ಸ್ವಪ್ನಳ ದನಿ ತಗ್ಗಿತ್ತು. "ನಾನು ಚಟ್ನಿಗೆ ಉಪ್ಪು ಜಾಸ್ತಿ ಹಾಕಿದ್ನ ಮಾತ್ರ ಒಂದ್ ಗಳಿಗೇಲಿ ಊರಿಗೆಲ್ಲಾ ಸಾರ್ತೀರಿ."

ಹನುಮಂತರಾಜು ಎದ್ದ. ಸಿಟ್ಟಿಗಿಂತ ಬೇರೆ ಏನೋ ಅವನ ಮುಖದಲ್ಲಿತ್ತು.

"ನಮ್ಮಪ್ಪ ಈ ಗುಡಿಗೆ ಹೊತ್ತ ಕಲ್ಲು ಎಷ್ಟು ಗೊತ್ತಾ ಅಕ್ಕ? ಮುಳುಗ್ಬೇಕು ಮುಳುಗ್ಬೇಕು ಅಂತ ಮೂರು ವರ್ಷ ಹಳ್ಳ ಕಾದ. ಬರ್ಲಿಲ್ಲ. ಸತ್ತ. ಗೋಡೆ ಆಚೆ, ಜಾಲಿ ಬುಡದಾಗೆ ಇಟ್ವಿ. ಆವತ್ತು ನಿನ್ ಪಾಲಣ್ಣನೇ 'ಕಟ್ಟಳೆ ಕಟ್ಟಳೆನೇ ರಾಜು' ಅಂದ. ನಾನ್ ಬಾಯಿ ಮುಚ್ಕಂಡೆ. ಈಗ ಪಾತಮ್ಮಕ್ಕಂಗೆ ಒಂದು, ನಮ್ಮಪ್ಪಂಗೆ ಒಂದಾ?"



ಹೊಸ್ತಿಲಾಚೆಯಿಂದ ಉಗ್ರಪ್ಪ ಮಾತು ತೆಗೆದ. "ಸ್ವಾಮೇರೆ, ನಮ್ಮತ್ತೆ ಮ್ಯಾಲೆ ಜಗಳ ಬ್ಯಾಡ. ಹಟ್ಟ್ಯಾಗೆ ನಮ್ ಹೊಲ ಐತೆ. ಟ್ರ್ಯಾಕ್ಟರು ನಿಂತೈತೆ. ಹೂಂ ಅನ್ರಿ, ಒಯ್ದು ಇಟ್ಕಂತೀವಿ."

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಗುಡಿಯ ಹಿಂದೆ ಪಾಲಣ್ಣನ ಪಕ್ಕ ಒಂದು ಆಳು ಮಲಗುವಷ್ಟು ನೆಲ ಖಾಲಿ ಉಳಿಯುತ್ತಿತ್ತು. ನಿಜ ಹೇಳಿ ಅವಳನ್ನು ಹೊರಗೆ ಹಾಕಿಸಿದವಳು ನಾನೇ ಆದೆನಲ್ಲ ಎಂದು ಮೂಗಮ್ಮ ಬೆಂಚಿನ ಅಂಚನ್ನು ಹಿಡಿದುಕೊಂಡಳು.

ರವಿಕಿರಣ್ ಗೆದ್ದಲು ತಿಂದ ಪುಸ್ತಕವನ್ನು ಮುಚ್ಚಿಟ್ಟ. ಆಮೇಲೆ, "ಇದನ್ನ ನಾನೊಬ್ಬನೇ ಹೇಳೋಕಾಗಲ್ಲ. ನಮ್ಮಲ್ಲಿ ಸಭೆಯೇ ದೊಡ್ಡದು," ಎಂದ. "ಮುಳುಗಿ ಎದ್ದವರು ಇಲ್ಲಿ ಇಪ್ಪತ್ತೊಂದು ಜನ ಇದ್ದೀರಿ. ಪಾತಮ್ಮನವರನ್ನ ಗೋಡೆಯೊಳಗೆ ಇಡಬೇಕು ಅನ್ನೋರು ಕೈ ಎತ್ತಿ. ಹನ್ನೊಂದಾದ್ರೆ ಒಳಗೆ. ಒಂದು ಕಡಿಮೆ ಆದ್ರೂ ಹಟ್ಟಿಗೆ."

ಮೊದಲು ಸ್ವಪ್ನಳ ಕೈ ಮೇಲೆದ್ದಿತು. ಹಿಂದಿನ ಬೆಂಚಿನಲ್ಲಿ ಎರಡು. ಕಿಟಕಿಯ ಬಳಿ ಮೂರು. ಒಬ್ಬ ಮುದುಕ ಅರ್ಧ ಎತ್ತಿ, ಹನುಮಂತರಾಜುವಿನ ಬೆನ್ನು ನೋಡಿ, ಇಳಿಸಿದ. ಅವನ ಹೆಂಡತಿ ಮೊಣಕೈಯಿಂದ ತಿವಿದರೂ ಮತ್ತೆ ಎತ್ತಲಿಲ್ಲ. ತಿವಿದವಳು ತನ್ನದನ್ನು ಎತ್ತಿದಳು. ಇನ್ನೆರಡು ಕೈ ಬಂದವು. ಆಮೇಲೆ ಬರಲಿಲ್ಲ.

ಪಾಸ್ಟರ್ ಬೆರಳು ತೋರಿಸುತ್ತಾ ಎಣಿಸಿದ. "ಏಳು, ಎಂಟು, ಒಂಬತ್ತು..." ಬೆರಳು ಮೂಗಮ್ಮನ ಮುಂದೆ ನಿಂತುಬಿಟ್ಟಿತು.

ಮೂಗಮ್ಮ ಎರಡೂ ಕೈ ಎತ್ತಿದ್ದಳು.

"ಅಮ್ಮಾ, ಒಬ್ಬರಿಗೆ ಒಂದೇ."

"ನಾನ್ ಎರಡು ಸಲ ಮುಳುಗೀನಿ ಪಾಸ್ಟರೇ. ಎರಡನೇ ಸಲ ನೀರಾಗೆ ಕೂಗಿದ್ದು ಅವಳ ಹೆಸರು. ಅದು ದೇವರ ಲೆಕ್ಕಕ್ಕೆ ಹೋಗಿಲ್ಲ ಅಂತ ನಿಮಗೆ ಗೊತ್ತಿದ್ರೆ ಹೇಳ್ರಿ, ಇಳಿಸ್ತೀನಿ."

ರವಿಕಿರಣ್ ಹಿರಿಯನ ಕಡೆ ನೋಡಿದ. ಹನುಮಂತರಾಜು ಪೆಟ್ಟಿಗೆಯ ಕಡೆ ನೋಡುತ್ತಿದ್ದ.

"ಹತ್ತು," ಎಂದು ಪಾಸ್ಟರ್ ಅವಳ ಎಡಗೈ ತೋರಿಸಿದ. ಒಂದು ಗೇಣು ಸರಿದು ಬಲಗೈಗೆ ಬರಲು ಬೆರಳಿಗೆ ಬಹಳ ಹೊತ್ತು ಹಿಡಿಯಿತು. "ಹನ್ನೊಂದು."

ಹನುಮಂತರಾಜು ಎದ್ದು, ಯಾರನ್ನೂ ನೋಡದೆ, ಉಗ್ರಪ್ಪನನ್ನು ದಾಟಿ ಹೊರಗೆ ಹೋದ. ಇನ್ನು ಈ ಹಿರಿಯ ಗುಡಿಗೆ ಕಾಲಿಡುವುದಿಲ್ಲ ಎಂದು ಯಾರೋ ಪಿಸುಗುಟ್ಟಿದರು. ಸ್ವಪ್ನ ಹತ್ತಿರ ಬಂದು, "ಕೈ ಇಳಿಸ್ರಿ ಅತ್ತೆ," ಎಂದಳು.

ಮೂಗಮ್ಮ ಇಳಿಸಲಿಲ್ಲ. ಕಿವಿಯೆಲ್ಲ ಹೊರಗಿತ್ತು. ಹೆಜ್ಜೆಯ ಸದ್ದು ರಸ್ತೆಯ ಕಡೆ ಹೋಗಲಿಲ್ಲ. ಗುಡಿಯ ಪಕ್ಕದ ಗೋಡೆಗುಂಟ ಹಿಂದಕ್ಕೆ ಹೋಯಿತು, ಪಾಲಣ್ಣನ ಗೋರಿಯ ಹತ್ತಿರ ನಿಂತಿತು. ಆಮೇಲೆ ಗಟ್ಟಿ ನೆಲಕ್ಕೆ ಹಾರೆ ಬಿದ್ದ ಸದ್ದು ಕೇಳಿಸಿತು. ಇನ್ನೊಂದು ಸಲ ಬಿತ್ತು. ಮೂರನೆಯ ಪೆಟ್ಟಿಗೆ ಮಣ್ಣು ಬಿಟ್ಟುಕೊಟ್ಟಿತು. ಆಗ ಅವಳು ಒಂದು ಕೈ ಇಳಿಸಿದಳು, ಆಮೇಲೆ ಇನ್ನೊಂದು.