ಮೂರು ಸಲ ತಟ್ಟಿದರೆ

ಕೋಳಿಗೂಡಿನ ಮಾಡನ್ನು ಕಿತ್ತು ಮನೆಗೆ ತಂದರೆ ಯಾವ ಹೆಂಗಸು ತಾನೇ ನಗುನಗುತ್ತ ಗೇಟು ತೆಗೆದಾಳು? ಟೇಲರಮ್ಮ ತೆಗೆದಳು. ಅವಳ ತಮ್ಮ, ಬೀದಿಯವರೆಲ್ಲ ಕೋಳಿ ಸಾಹುಕಾರ ಎಂದು ಕರೆಯುವವನು, ವ್ಯಾನಿನ ಮೇಲೆ ಹಗ್ಗ ಬಿಗಿದು ತಂದಿದ್ದ ಆ ಮಾಡು ಅಸಲಿಗೆ ಒಂದು ಅಲ್ಯುಮಿನಿಯಂ ದೋಣಿ. ಯಾವ ಕಾಲದಿಂದಲೋ ಅವನ ಕೋಳಿಗಳ ತಲೆಯ ಮೇಲೆ ಬೋರಲು ಬಿದ್ದಿತ್ತು. ಹೊರಗೆಲ್ಲ ಹಿಕ್ಕೆ, ಒಳಗೆಲ್ಲ ಜೇಡರ ಬಲೆ, ಮೈತುಂಬ ಒಂದರ ಮೇಲೊಂದು ಬಳಿದು ಎದ್ದುಹೋದ ಬಣ್ಣದ ಚಕ್ಕೆ. ಅಂಗಳದಲ್ಲಿ ಇಳಿಸಿದ ಮೇಲೆ ತಮ್ಮ, ಕೋಳಿಗಳ ಶಾಪ ತಟ್ಟಿದರೆ ತಾನು ಜವಾಬ್ದಾರನಲ್ಲ ಎಂದು ಹೇಳಿ ಕೈ ತೊಳೆದುಕೊಂಡ.

ಆ ದೋಣಿಯನ್ನು ಕೇಳಿ ತರಿಸಿಕೊಂಡವನು ಟೇಲರಮ್ಮನ ಗಂಡ ಮೇಸ್ತ್ರಿ. ಬಸ್ಸುಗಳಿಗೆ ಬಾಡಿ ಕಟ್ಟುವ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದು ನಿವೃತ್ತನಾದವನು. ಕೆಲಸ ಹೋಯಿತು, ಹೆಸರು ಉಳಿಯಿತು. ಜೀವಮಾನವಿಡೀ ತಗಡಿಗೆ ರಿವೆಟ್ ಬಡಿದು ಬಡಿದು ಅವನ ಬಲಗಿವಿ ಪೂರ್ತಿ ಕೆಟ್ಟಿತ್ತು, ಎಡಗಿವಿ ಮನಸ್ಸು ಬಂದರೆ ಮಾತ್ರ ಕೇಳುತ್ತಿತ್ತು. ಯಾವ ಮಾತಿಗೆ ಅದಕ್ಕೆ ಮನಸ್ಸು ಬರುತ್ತದೆ, ಯಾವುದಕ್ಕೆ ಬರುವುದಿಲ್ಲ ಎಂಬುದು ಹೆಂಡತಿಗೆ ಚೆನ್ನಾಗಿ ಗೊತ್ತಿತ್ತು.

ಟೇಲರಮ್ಮ ನಗುನಗುತ್ತ ಗೇಟು ತೆಗೆದದ್ದಕ್ಕೆ ಕಾರಣವಿತ್ತು. ಅವಳ ಹೊಲಿಗೆ ಯಂತ್ರ ಇದ್ದದ್ದು ಮನೆಯ ಮುಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕ. ನೂಲು ತುಂಡಾಗಿ ತಲೆ ಎತ್ತಿದರೆ ಬೀದಿಯ ಕೊನೆಯಲ್ಲಿ ದೊಡ್ಡ ಕೆರೆ ಕಾಣುತ್ತಿತ್ತು. ಊರಿನವರಿಗೆಲ್ಲ ಬಟ್ಟೆ ಹೊಲಿದು ಕೊಡುತ್ತ, ತಲೆ ಎತ್ತಿದಾಗಲೆಲ್ಲ ಅದೇ ಕೆರೆ ನೋಡುತ್ತ ಅವಳ ಕೂದಲು ಬೆಳ್ಳಗಾಗಿತ್ತು. ಒಮ್ಮೆಯಾದರೂ ಆ ನೀರಿನ ನಡುವೆ ಹೋಗಿ ಕೂತು, ಅಲ್ಲಿಂದ ತನ್ನ ಕಿಟಕಿ ಹೇಗೆ ಕಾಣುತ್ತದೆ ಎಂದು ನೋಡಬೇಕು. ಇಷ್ಟೇ ಅವಳ ಆಸೆ. ಯಾರಿಗೂ ಹೇಳಿರಲಿಲ್ಲ, ಏಕೆಂದರೆ ಹೇಳಿದರೆ ನಗುತ್ತಾರೆ ಎಂದು ಅವಳಿಗೆ ಖಾತ್ರಿಯಿತ್ತು. ಈಗ ದೋಣಿಯೇ ಅಂಗಳಕ್ಕೆ ಬಂದಿತ್ತು.

ಮಾರನೆಯ ಬೆಳಿಗ್ಗೆ ಮೇಸ್ತ್ರಿ ಹೆಂಡತಿಯ ಡಬ್ಬಿಯಿಂದಲೇ ಒಂದು ಸೀಮೆಸುಣ್ಣ ಎತ್ತಿಕೊಂಡು ಅಂಗಳದ ಸಿಮೆಂಟಿನ ಮೇಲೆ ದೋಣಿಯ ನಕ್ಷೆ ಬರೆದ. ನಡುವಿನ ಅಡ್ಡಹಲಗೆ ಕಿತ್ತು ಹಾಕುವುದು, ಅಲ್ಲಿ ಪ್ಲೈವುಡ್ ನೆಲ. ಮುಂದೆ ನಿಂತು ಗಾಳ ಎಸೆಯಲು ಒಂದು ಜಗಲಿ, ಅದರ ಕೆಳಗೆ ಮೀನಿನ ಪೆಟ್ಟಿಗೆ. ಹಿಂದೆ ಮೋಟಾರು, ಬ್ಯಾಟರಿ, ತಿರುಗುವ ಕುರ್ಚಿ. ಲಂಗರಿಗೆ ಜಾಗವಿತ್ತು, ಎರೆಹುಳುವಿನ ಡಬ್ಬಿಗೂ ಒಂದು ಮೂಲೆ ಇತ್ತು. ಕುರ್ಚಿ ಮಾತ್ರ ಒಂದೇ. ಟೇಲರಮ್ಮ ಕಾಫಿ ಲೋಟ ಹಿಡಿದು ನಕ್ಷೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಜೊತೆಗೆ ಯಾರು ಬರುತ್ತಾರೆ ಎಂದು ಮೆಲ್ಲಗೆ ಕೇಳಿದಳು. ಎಡಗಿವಿಗೆ ಮನಸ್ಸು ಬರಲಿಲ್ಲ. ಅದೇ ಪ್ರಶ್ನೆಯನ್ನು ಸಂಜೆ ತಮ್ಮ ಕೇಳಿದಾಗ ಮಾತ್ರ ಚೆನ್ನಾಗಿ ಕೇಳಿಸಿತು. ಮೀನು ಹಿಡಿಯುವುದು ಒಬ್ಬನ ಕೆಲಸ, ಅಕ್ಕನಿಗೋ ನೀರೆಂದರೆ ಭಯ ಎಂದು ಮೇಸ್ತ್ರಿ ಹೇಳಿದ್ದು ಒಳಗಿದ್ದ ಅವಳ ಕಿವಿಗೂ ಬಿತ್ತು.

ಈ ಭಯದ ಕಥೆ ಹಳೆಯದು. ಮದುವೆಯಾದ ಹೊಸದರಲ್ಲಿ ಇಬ್ಬರೂ ಒಂದು ಹೊಳೆಯನ್ನು ದೋಣಿಯಲ್ಲಿ ದಾಟಿದ್ದರು. ಈ ದಡದಿಂದ ಆ ದಡ ಮುಟ್ಟುವವರೆಗೂ ಅವಳು ಗಂಡನ ತೋಳು ಬಿಟ್ಟಿರಲಿಲ್ಲ. ಹೆದರಿದ್ದಾಳೆ ಎಂದು ಅವನು ತೀರ್ಮಾನಿಸಿದ. ಆಮೇಲೆ ನೀರಿನ ಕಡೆಗೆ ಅವಳನ್ನು ಕರೆದದ್ದೇ ಇಲ್ಲ, ಅದೂ ಪಾಪ, ಅವಳ ಮೇಲಿನ ಕಾಳಜಿಯಿಂದ. ಹೊಸದಾಗಿ ಮದುವೆಯಾದ ಹುಡುಗಿ, ಸುತ್ತ ಹತ್ತು ಜನ ಇರುವಾಗ, ಗಂಡನ ತೋಳು ಹಿಡಿಯಲು ದೋಣಿ ಅಲ್ಲಾಡುವುದಕ್ಕಿಂತ ಒಳ್ಳೆಯ ನೆಪ ಎಲ್ಲಿ ಸಿಕ್ಕೀತು ಎಂಬುದು ಆ ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ. ಬಾಯಿ ಬಿಟ್ಟು ಹೇಳಬಹುದಿತ್ತಲ್ಲ ಎಂದರೆ, ಅಂಥ ಮಾತನ್ನು ಅರೆಕಿವುಡನಿಗೆ ಕೂಗಿ ಹೇಳುವುದು ಹೇಗೆ? ತಾನಾಗಿ ಕೇಳಿಕೊಂಡು ದೋಣಿ ಹತ್ತುವ ಜಾಯಮಾನವೂ ಅವಳದಲ್ಲ. ಅವನು ಕರೆಯಬೇಕು. ಕರೆದರೆ ಹೋಗುತ್ತೇನೆ, ಇಲ್ಲದಿದ್ದರೆ ಕಿಟಕಿ ಇದ್ದೇ ಇದೆ ಎಂದು ಗಟ್ಟಿ ಮಾಡಿಕೊಂಡಳು.

ಕೆಲಸ ಶುರುವಾಯಿತು. ಹಿಕ್ಕೆ ತೊಳೆದು, ಬಣ್ಣ ಕೆರೆದು, ತಂತಿ ಬ್ರಷ್ಷಿನಲ್ಲಿ ಉಜ್ಜಿದ ಮೇಲೆ ಒಳಗಿನ ಬೆಳ್ಳನೆಯ ಲೋಹ ಕಾಣಿಸಿತು. ಆಮೇಲೆ ಮೇಸ್ತ್ರಿ ದೋಣಿಯನ್ನು ಎರಡು ಸ್ಟ್ಯಾಂಡುಗಳ ಮೇಲೆ ಎತ್ತಿ ಕೂರಿಸಿ ಒಳಗೆ ಪೈಪು ಬಿಟ್ಟ. ದೋಣಿಯೊಳಗೆ ನೀರು ಬರಬಾರದು ಅಂದರೆ ಮೊದಲು ನೀರು ತುಂಬಿಸಿ ನೋಡಬೇಕು ಎಂಬುದು ಅವನ ಲೆಕ್ಕ. ಎಲ್ಲಿ ಹನಿಯುತ್ತದೋ ಅಲ್ಲಿ ರಿವೆಟ್ ಸಡಿಲ. ಗುರುತು ಹಾಕಿದವಳು ಟೇಲರಮ್ಮ. ಸಾಧಾರಣ ಸೀಮೆಸುಣ್ಣ ಒದ್ದೆಗೆ ನಿಲ್ಲುವುದಿಲ್ಲವೆಂದು ಮೇಣದ ಸೀಮೆಸುಣ್ಣ ತಂದು, ರವಿಕೆಗೆ ಗುರುತು ಹಾಕುವ ಕೈಯಲ್ಲೇ ದೋಣಿಯ ಹೊಟ್ಟೆಗೂ ಹಾಕಿದಳು. ನೀರು ಖಾಲಿ ಮಾಡಿ ನೋಡಿದಾಗ ದೋಣಿಗೆ ಸಿಡುಬು ಎದ್ದ ಹಾಗಿತ್ತು.

ರಿವೆಟ್ ಬಡಿಯುವುದು ಒಬ್ಬನಿಂದ ಆಗುವ ಕೆಲಸವಲ್ಲ. ಹೊರಗಿನಿಂದ ಒಬ್ಬ ರಿವೆಟ್ಟಿನ ತಲೆಗೆ ಬಡಿಯಬೇಕು, ಒಳಗಿನಿಂದ ಇನ್ನೊಬ್ಬ ಅದರ ಬಾಲಕ್ಕೆ ಕಬ್ಬಿಣದ ಗಟ್ಟಿ ಒತ್ತಿ ಹಿಡಿಯಬೇಕು. ಆಗ ಬಾಲ ಚಪ್ಪಟೆಯಾಗಿ ಎರಡು ತಗಡನ್ನೂ ಕಚ್ಚಿಕೊಳ್ಳುತ್ತದೆ. ಕೋಳಿ ಸಾಹುಕಾರ ಒಂದು ಬೆಳಿಗ್ಗೆ ಗಟ್ಟಿ ಹಿಡಿದು, ಹಲ್ಲೆಲ್ಲ ಅಲ್ಲಾಡಿದವೆಂದು ಹೇಳಿ ಕೋಳಿಗಳಿಗೆ ಮೇವು ಹಾಕಲು ಹೋದವನು ತಿರುಗಿ ಬರಲಿಲ್ಲ. ಮೇಸ್ತ್ರಿ ತಲೆಯ ಮೇಲೆ ಕೈ ಹೊತ್ತು ಕೂತ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಎದುರಿಗೇ ಹೆಂಡತಿ ನಿಂತಿದ್ದರೂ ಬೀದಿಯ ಕಡೆಗೇ ನೋಡುತ್ತಿದ್ದ. ಕೊನೆಗೆ ಟೇಲರಮ್ಮನೇ ಸೆರಗು ಸಿಕ್ಕಿಸಿಕೊಂಡು ದೋಣಿಯೊಳಗೆ ಇಳಿದು ಕೂತು ಗಟ್ಟಿ ಕೇಳಿದಳು.

ಕಾರ್ಖಾನೆಯ ಗದ್ದಲದಲ್ಲಿ ಮಾತು ಕೇಳುವುದಿಲ್ಲವಾದ್ದರಿಂದ ಅಲ್ಲಿಯವರದೇ ಒಂದು ಭಾಷೆಯಿತ್ತು. ಮೇಸ್ತ್ರಿ ಅದನ್ನು ಅವಳಿಗೆ ಕಲಿಸಿದ. ಒಳಗಿರುವವರು ಒಂದು ಸಲ ತಟ್ಟಿದರೆ ಇನ್ನೊಂದು ಪೆಟ್ಟು ಬೇಕು ಎಂದರ್ಥ. ಎರಡು ಸಲ ತಟ್ಟಿದರೆ ಸರಿಯಾಗಿ ಕೂತಿದೆ. ಮೂರು ಸಲ ತಟ್ಟಿದರೆ ಕೆಟ್ಟಿದೆ, ಕಿತ್ತು ಹೊಸದಾಗಿ ಹಾಕು.

ಮೊದಮೊದಲು ಅವಳ ಕೈ ಜುಮ್ಮೆನ್ನುತ್ತಿತ್ತು. ಬರಬರುತ್ತ ಪೆಟ್ಟು ಬೀಳುವ ಮುಂಚೆಯೇ ಕೈಗೆ ತಿಳಿಯತೊಡಗಿತು. ಅವನ ಮುಖ ಕಾಣುತ್ತಿರಲಿಲ್ಲ, ನಡುವೆ ದೋಣಿಯ ಗೋಡೆ. ಆದರೂ ಇಬ್ಬರೂ ಇಷ್ಟು ಹೊತ್ತು ಒಂದೇ ವಿಷಯ ಮಾತಾಡಿ ಎಷ್ಟು ಕಾಲವಾಗಿತ್ತೋ. ಸಾಲು ವಕ್ರವಾಗಿದ್ದರೆ ಅವಳ ಹೊಲಿಗೆಗಣ್ಣು ಬಿಡುತ್ತಿರಲಿಲ್ಲ, ಮೂರು ಸಲ ತಟ್ಟಿಬಿಡುತ್ತಿದ್ದಳು. ಮೇಸ್ತ್ರಿ ಗೊಣಗಿಕೊಂಡೇ ಕಿತ್ತು ಮತ್ತೆ ಹಾಕುತ್ತಿದ್ದ. ಒಂದು ಸಂಜೆ ಉಪಕರಣ ಎತ್ತಿಡುತ್ತ, ಕಾರ್ಖಾನೆಯಲ್ಲಿ ತನಗೆ ಇಂಥ ಕೈ ಸಿಕ್ಕಿರಲಿಲ್ಲ ಎಂದ. ಹೊಗಳಿಕೆ ಅವನ ಬಾಯಿಂದ ಬರುವುದು ವರ್ಷಕ್ಕೊಂದು. ಟೇಲರಮ್ಮನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು, ಇನ್ನೇನು ಕರೆದೇಬಿಡುತ್ತಾನೆ ಅಂದುಕೊಂಡಳು. ಅವನು ಕೇಳಿದ್ದು ಕುರ್ಚಿಗೊಂದು ದಿಂಬು ಹೊಲಿದು ಕೊಡುತ್ತೀಯಾ ಎಂದು. ಒಂದೇ ದಿಂಬು.

ಹೊಲಿದು ಕೊಟ್ಟಳು. ಸಿಟ್ಟು ಬಂದಾಗ ಅವಳ ಹೊಲಿಗೆ ಇನ್ನೂ ಚೆನ್ನಾಗಿ ಬರುತ್ತಿತ್ತು.

ದೋಣಿಯನ್ನು ನೀರಿಗೆ ಬಿಟ್ಟ ದಿನ ಕೋಳಿ ಸಾಹುಕಾರನೇ ವ್ಯಾನು ತಂದ. ಒಂದು ಹನಿ ನೀರು ಒಳಗೆ ಬರಲಿಲ್ಲ. ಮೇಸ್ತ್ರಿ ಹಿಂದಿನ ಕುರ್ಚಿಯಲ್ಲಿ ರಾಜನ ಹಾಗೆ ಕೂತು ಮೋಟಾರು ಶುರು ಮಾಡಿದ. ದೋಣಿ ಮೂತಿ ಮೇಲಕ್ಕೆತ್ತಿತು. ನಡುವಿನ ಹಲಗೆ ಹೋಗಿತ್ತು, ಮೋಟಾರು, ಬ್ಯಾಟರಿ, ಮೇಸ್ತ್ರಿ ಎಲ್ಲರೂ ಹಿಂದೆ, ಮುಂದೆ ಬರೀ ಗಾಳಿ. ಆ ಗಾಳಿಯೇ ಎತ್ತಿದ ಮೂತಿಯನ್ನು ಹಿಡಿದು ತಿರುಗಿಸಿತು. ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ಮೋಟಾರು ಒಂದು ಕಡೆ, ದೋಣಿ ಒಂದು ಕಡೆ. ದಡದಲ್ಲಿ ನಿಂತಿದ್ದ ಟೇಲರಮ್ಮನಿಗೆ ನಗು ಬಂತು, ಮರುಕವೂ ಬಂತು. ಮೇಸ್ತ್ರಿ ದಡಕ್ಕೆ ಬಂದು ಮುಂದೆ ಮರಳಿನ ಮೂಟೆ ಇಟ್ಟ. ತಿರುವಿನಲ್ಲಿ ಅದು ಜಾರಿ ಮೂಲೆ ಸೇರಿತು. ಕಲ್ಲು ಇಟ್ಟ. ಅದು ಕಟಕಟ ಎಂದು ತಗಡಿಗೆ ಬಡಿದು ಕೆರೆಯ ಮೀನನ್ನೆಲ್ಲ ಆಚೆ ದಡಕ್ಕೆ ಓಡಿಸಿತು. ಅಕ್ಕನ ತೂಕದ ಮೂಟೆಯೊಂದು ಸಿಕ್ಕಿದ್ದರೆ ಸರಿಹೋಗುತ್ತಿತ್ತು ಭಾವ ಎಂದು ಕೋಳಿ ಸಾಹುಕಾರ ತಮಾಷೆ ಮಾಡಿದ. ಮೇಸ್ತ್ರಿಯ ಕಣ್ಣು ಅರಳಿತು.

ರಾತ್ರಿ ಊಟಕ್ಕೆ ಕೂತಾಗ ಅವನು ವಿಷಯ ಎತ್ತಿದ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯಲ್ಲಿ ಮೇಸ್ತ್ರಿಗೆ ಗೊತ್ತಿದ್ದದ್ದು ಮೊದಲರ್ಧ ಮಾತ್ರ.

“ನಾಳೆಯಿಂದ ನೀನೂ ಬಾ. ಮುಂದುಗಡೆ ಭಾರ ಬೇಕು. ಮರಳಿನ ಮೂಟೆ ಜಾರುತ್ತೆ, ನೀನಾದ್ರೆ ಜಾರಲ್ಲ.”

ಇಷ್ಟು ವರ್ಷ ಕಾದಿದ್ದ ಕರೆ ಬಂದದ್ದು ಹೀಗೆ. ಟೇಲರಮ್ಮನಿಗೆ ಹೋಗಬೇಕೆಂಬ ಆಸೆ ಎಷ್ಟಿತ್ತೆಂದರೆ, ಒಂದು ಗಳಿಗೆ ಮೂಟೆಯಾಗಿಯಾದರೂ ಹೋಗಿಬಿಡೋಣ ಅನ್ನಿಸಿದ್ದು ಸುಳ್ಳಲ್ಲ. ಆದರೆ ಮೂಟೆಯಾಗಿ ಹತ್ತಿದರೆ ಮೂಟೆಯಾಗಿಯೇ ಇಳಿಯಬೇಕು. ಬಾಯಿ ಬಿಟ್ಟರೆ ಅಳು ಬಂದೀತೆಂದು ನೀರಿನ ಲೋಟ ಎತ್ತಿಕೊಂಡು ಮೇಜಿನ ಮೇಲೆ ತಟ್ಟಿದಳು. ಒಂದು. ಎರಡು. ಮೂರು.

ಮೇಸ್ತ್ರಿಯ ತುತ್ತು ಬಾಯಿಯ ಹತ್ತಿರವೇ ನಿಂತಿತು. ಕೆಟ್ಟಿದೆ, ಕಿತ್ತು ಹೊಸದಾಗಿ ಹಾಕು. ಆ ಭಾಷೆ ಕಲಿಸಿದವನು ಅವನೇ. ಅರ್ಥವಾಗಲಿಲ್ಲ ಎನ್ನುವ ಹಾಗಿರಲಿಲ್ಲ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಇದು ಉಂಡು ಮಲಗಿ ಎದ್ದ ಮೇಲೂ ಮುಂದುವರಿಯಿತು. ಜಗಳವೂ ಅಲ್ಲ, ಮಾತಿಲ್ಲ ಅಷ್ಟೆ. ವ್ಯಾನಿನಲ್ಲಿ ವಾಪಸು ಬಂದ ದೋಣಿ ಸ್ಟ್ಯಾಂಡು ಹತ್ತಿ ಕೂತಿತ್ತು. ಮೇಸ್ತ್ರಿ ಅದರ ಸುತ್ತ ಸುಳಿದಾಡುತ್ತ, ಕೈಯಲ್ಲಿದ್ದ ಸುತ್ತಿಗೆಯನ್ನು ಹುಡುಕುತ್ತಿದ್ದ. ಒಂದು ಮಧ್ಯಾಹ್ನ ಟೇಲರಮ್ಮ ಬಟ್ಟೆ ಕೊಟ್ಟು ಮನೆಗೆ ಬಂದಾಗ, ಹೊಲಿಗೆ ಯಂತ್ರದ ಮುಂದಿನ ಅವಳ ಸ್ಟೂಲು ಜಾಗ ಬದಲಿಸಿತ್ತು. ಅವಳ ಟೇಪು ನೆಲದ ಮೇಲೆ ಬಿದ್ದಿತ್ತು. ಎತ್ತಿ ಸುತ್ತಿಟ್ಟಳು.

ಎರಡು ದಿನ ಕಳೆದು ಮೇಸ್ತ್ರಿ ಬಾಗಿಲಲ್ಲಿ ನಿಂತು ಗಟ್ಟಿ ಹಿಡಿಯಬೇಕಿತ್ತು ಎಂದ. ಮರಳು ಹಾಕಲು ಪೆಟ್ಟಿಗೆ ಕೂರಿಸುತ್ತಿರಬೇಕು ಎಂದುಕೊಂಡು ಅವಳು ಮುಖ ಊದಿಸಿಕೊಂಡೇ ದೋಣಿಯೊಳಗೆ ಇಳಿದಳು. ಮುಂದಿನ ಜಗಲಿಯ ಮೇಲೆ ಒಂದು ಕುರ್ಚಿ ನಿಂತಿತ್ತು. ಬೆನ್ನಿಗೆ ಆನಿಕೆ, ಕೈಗೆ ಆಸರೆ, ಹಿಂದಿನದರಂತೆಯೇ ತಿರುಗುವಂಥದ್ದು. ಜಗಲಿಗೆ ತಿರುಪು ಹಾಕಿ ಕೂರಿಸಿಯಾಗಿತ್ತು, ಅದರ ಆಧಾರವನ್ನು ದೋಣಿಯ ಬದಿಗೆ ರಿವೆಟ್ ಬಡಿದು ಸೇರಿಸುವುದು ಮಾತ್ರ ಬಾಕಿ ಇತ್ತು. ಟೇಲರಮ್ಮ ಕೂತು ನೋಡಿದಳು. ಪಾದ ಸರಿಯಾಗಿ ಊರಿತು, ಮಂಡಿಗೆ ನೋವಿಲ್ಲ. ಅವಳ ಸ್ಟೂಲಿನದೇ ಎತ್ತರ. ಜೀವಮಾನವೆಲ್ಲ ಅವಳು ಕಂಡವರ ಅಳತೆ ತೆಗೆದಿದ್ದಳು, ಅವಳ ಅಳತೆಯನ್ನು ಯಾರೂ ತೆಗೆದಿರಲಿಲ್ಲ.

ಇಳಿದು, ರಿವೆಟ್ಟಿನ ಬಾಲಕ್ಕೆ ಗಟ್ಟಿ ಒತ್ತಿ ಕಾದಳು. ಪೆಟ್ಟು ಬೀಳಲಿಲ್ಲ. ಗೋಡೆಯ ಆಚೆಯಿಂದ ಮೇಸ್ತ್ರಿಯ ದನಿ ಬಂತು. ಮುಖ ಕಾಣದ ಕಡೆ ಅವನಿಗೆ ಮಾತಾಡುವುದು ಸುಲಭವಾಗಿತ್ತೋ ಏನೋ.

“ನಿಂಗೆ ನೀರಂದ್ರೆ ಭಯ ಅಂದ್ಕೊಂಡಿದ್ದೆ ಕಣೇ. ಆವತ್ತು ಹೊಳೆ ದಾಟೋವಾಗ ನನ್ನ ತೋಳೇ ಬಿಟ್ಟಿರಲಿಲ್ಲ ನೀನು. ಅದಕ್ಕೇ ಒಂದೇ ಕುರ್ಚಿ ಹಾಕಿದ್ದು.” ಆಮೇಲೆ ಹೇಳಿದ: “ಭಾರಕ್ಕಲ್ಲ. ಜೊತೆಗೆ ಬಾ.”

ಟೇಲರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆದರೂ ಅಷ್ಟು ಸುಲಭಕ್ಕೆ ಬಿಡುವವಳಲ್ಲ. ಗಟ್ಟಿಯಿಂದ ತಗಡಿಗೆ ಒಂದೇ ಒಂದು ಸಲ ತಟ್ಟಿದಳು. ಇನ್ನೊಂದು ಪೆಟ್ಟು ಬೇಕು.

ಮೇಸ್ತ್ರಿ ಗಂಟಲು ಸರಿಮಾಡಿಕೊಂಡ. ಕಿವುಡರ ದನಿಗೆ ಅಳತೆಯಿರುವುದಿಲ್ಲ. ಜೊತೆಗೆ ಬಾ ಎಂದು ಅವನು ಎರಡನೆಯ ಸಲ ಹೇಳಿದ್ದು ಅಕ್ಕಪಕ್ಕದ ಮನೆಗಳಿಗೂ ಕೇಳಿಸಿತು. ಎದುರು ಮನೆಯ ಕಿಟಕಿ ತೆರೆದುಕೊಂಡಿತು. ಟೇಲರಮ್ಮ ಎರಡು ಸಲ ತಟ್ಟಿದಳು.

ಮುಂದಿನ ವಾರ ದೋಣಿ ಮೂತಿ ಇಳಿಸಿಕೊಂಡು, ಸಮವಾಗಿ, ಹೇಳಿದ ಕಡೆ ಹೋಯಿತು. ಕೆರೆಯ ನಡುವೆ ಮೇಸ್ತ್ರಿ ಮೋಟಾರು ನಿಲ್ಲಿಸಿ ಲಂಗರು ಬಿಟ್ಟು ಗಾಳ ಹಾಕಿದ. ಟೇಲರಮ್ಮ ತಾನೇ ಹೊಲಿದ ಎರಡನೆಯ ದಿಂಬಿನ ಮೇಲೆ ಕೂತು ತನ್ನ ಕಿಟಕಿಯನ್ನು ಹುಡುಕಿದಳು. ಸಿಕ್ಕಿತು. ಅಂಗಿಯ ಗುಂಡಿಯಷ್ಟೇ ಇತ್ತು. ಇಷ್ಟೇನಾ ಅನ್ನಿಸಲಿಲ್ಲ, ಸದ್ಯ ನೋಡಿದೆನಲ್ಲ ಅನ್ನಿಸಿತು. ಬಹಳ ಹೊತ್ತು ಅದನ್ನೇ ನೋಡುತ್ತ ಕೂತಳು.

ಹಿಂದಿನಿಂದ ಮೇಸ್ತ್ರಿ, ಭಯವಾದರೆ ಹೇಳು, ಆವತ್ತಿನ ಹಾಗೆ ಹಿಡಿದುಕೊಳ್ಳಲು ಈಗ ತೋಳು ದೂರ ಇದೆ ಎಂದ. ಟೇಲರಮ್ಮ ಕುರ್ಚಿಯನ್ನು ಅವನ ಕಡೆ ತಿರುಗಿಸಿದಳು. ಸುತ್ತ ನೀರು, ಕೇಳುವವರು ಯಾರೂ ಇಲ್ಲ. ಆದರೂ ಮೆಲ್ಲಗೇ ಹೇಳಿದಳು.

“ಆವತ್ತು ಭಯಕ್ಕೆ ಹಿಡ್ಕೊಂಡಿದ್ದಲ್ಲ ರೀ.”

ಎಡಗಿವಿಗೆ ಒಂದೇ ಸಲಕ್ಕೆ ಕೇಳಿಸಿತು. ಮೇಸ್ತ್ರಿಯ ಎರಡೂ ಕಿವಿ ಕೆಂಪಾದವು, ಕೆಟ್ಟದ್ದೂ ಸೇರಿ. ಆಚೆ ಗಾಳದ ಬೆಂಡು ಒಮ್ಮೆ ಮುಳುಗಿ ಎದ್ದು, ಮತ್ತೆ ಮುಳುಗಿತು. ಅವನು ಅದನ್ನು ನೋಡಲಿಲ್ಲ.