ಮೊಳೆಗೆ ತೂಗಿದ ಕೀಲಿ

ಮೆಕ್ಯಾನಿಕ್ ಎಂಜಿನ್ನಿನ ನೀರಿನ ಪಂಪು ಬಿಚ್ಚಿ, ಒಳಗಿನ ರಬ್ಬರ್ ಚಕ್ರವನ್ನು ಅಂಗೈ ಮೇಲಿಟ್ಟುಕೊಂಡು ನಕ್ಕ. "ಆರು ಹಲ್ಲಲ್ಲಿ ಒಂದೂ ಉಳಿದಿಲ್ಲ. ಥೇಟ್ ನಮ್ಮಜ್ಜಿ ಬಾಯಿ!"

ಟಾರ್ಚ್ ಹಿಡಿದು ಕೂತಿದ್ದ ಅವಳು ನಗಲಿಲ್ಲ. ಇದು ಅವಳ ಗಂಡ ಸತ್ತ ಹಾಯಿದೋಣಿ ಎಂಬುದು ನೆನಪಾಗಿ ಅವನು ನಾಲಿಗೆ ಕಚ್ಚಿಕೊಂಡ.

ಹತ್ತು ತಿಂಗಳ ಹಿಂದೆ, ಹಾಯಿಯಲ್ಲೇ ಹೊರಟು ಹೋಗಿದ್ದ ಅವಳ ಗಂಡ ಬಂದರಿನ ಬಾಯಲ್ಲಿ ಹಾಯಿ ಇಳಿಸಿ, ಎಂಜಿನ್ನನ್ನು ನಂಬಿಕೊಂಡು ಒಬ್ಬನೇ ಒಳಗೆ ಬರುತ್ತಿದ್ದ. ಎಂಜಿನ್ ನಡುನೀರಿನಲ್ಲಿ ಕೈಕೊಟ್ಟಿತು. ಗಾಳಿ ದೋಣಿಯನ್ನು ಬಂಡೆಗೆ ಬಡಿಯಿತು. ದೋಣಿ ಉಳಿಯಿತು. ಅಂದಿನಿಂದ ಅದು ಈ ಶೆಡ್ಡಿನಲ್ಲಿ ಮರದ ದಿಮ್ಮಿಗಳ ಮೇಲೆ ಕೂತಿದೆ. ಯಾರೂ ಒಳಗೆ ಇಳಿದಿರಲಿಲ್ಲ. ರಿಪೇರಿ ಮಾಡಿಸಲೇಬೇಕೆಂದು ಹಟ ಹಿಡಿದವರು ಅವಳ ಮಾವ. ಎಂಜಿನ್ ಯಾಕೆ ನಿಂತಿತು ಎಂದು ತಿಳಿಯದೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ.

"ನೀರಿಲ್ದೆ ತಿರುಗಿ ಪುಡಿಯಾಗಿದೆ," ಎಂದ ಮೆಕ್ಯಾನಿಕ್. ಕೆಳಗೆ ತಡಕಾಡಿ, "ಇಲ್ನೋಡಿ. ಸಮುದ್ರದ ನೀರು ಒಳಗೆ ಬರೋ ವಾಲ್ವೇ ಮುಚ್ಚಿದೆ. ಎಂಜಿನ್ ತಣ್ಣಗಾಗೋದು ಹೇಗೆ?"

ಮೆಟ್ಟಿಲ ಮೇಲಿಂದ ಬಗ್ಗಿ ನೋಡುತ್ತಿದ್ದ ಮಾವನ ಮುಖ ಕಪ್ಪಿಟ್ಟಿತು.

"ಅಂದ್ರೆ ತೆರೆಯೋಕೆ ಮರೆತ. ಚಿಕ್ಕಂದಿನಿಂದ ಬಡ್ಕೊಂಡೆ, ಅವಸರ ಬೇಡ್ವೋ ಅಂತ. ಕಿವಿಗೇ ಹಾಕ್ಕೊಳ್ಳಲಿಲ್ಲ. ಕೈಯಾರೆ ತನ್ನ ಜೀವ ಕಳ್ಕೊಂಡ, ಮುಟ್ಠಾಳ."

ಗಂಡಹೆಂಡಿರ ನಡುವೆ ಒಂದು ಕಟ್ಟಳೆಯಿತ್ತು. ದೋಣಿ ಕಟ್ಟಿದ ಮೇಲೆ, ನೀರು ಒಳನುಗ್ಗದಂತೆ ವಾಲ್ವ್ ಮುಚ್ಚಿದವರು ಎಂಜಿನ್ನಿನ ಕೀಲಿಯನ್ನು ವಾಲ್ವಿನ ಹಿಡಿಗೇ ತೂಗಿಹಾಕಬೇಕು. ಕೀಲಿ ಬೇಕಾದವನು ವಾಲ್ವಿನ ತನಕ ಬಗ್ಗಲೇಬೇಕು, ಬಗ್ಗಿದವನು ತೆರೆಯುತ್ತಾನೆ. ಕೀಲಿ ಮೆಟ್ಟಿಲ ಪಕ್ಕದ ಮೊಳೆಯಲ್ಲಿದ್ದರೆ ವಾಲ್ವ್ ತೆರೆದಿದೆ ಎಂದೇ ಅರ್ಥ. ಅವಘಡದ ಹಿಂದಿನ ದಿನ ಇಬ್ಬರೂ ದೋಣಿಯಲ್ಲಿ ಹೋಗಿ ಬಂದಿದ್ದರು. ಅವನು ಹಗ್ಗ ಕಟ್ಟುತ್ತಿದ್ದ, ಇವಳು ವಾಲ್ವ್ ಮುಚ್ಚಿದಳು. ಅಷ್ಟರಲ್ಲಿ ಅಮ್ಮನ ಫೋನ್ ಬಂತು. ಮಾತಾಡುತ್ತಲೇ ಮೆಟ್ಟಿಲೇರಿದಳು. ಕೀಲಿ ಕೈಯಲ್ಲೇ ಇತ್ತು.

ಸುಮ್ಮನಿದ್ದರೆ ಆಗುತ್ತಿತ್ತು. ಸತ್ತವನು ಬಂದು ಸಾಕ್ಷಿ ಹೇಳುವುದಿಲ್ಲ.

"ಮಾವ, ಅವ್ರು ಮರೀಲಿಲ್ಲ," ಎಂದಳು. "ಮುಚ್ಚಿದ್ದು ನಾನು. ಕೀಲಿನ ಮೊಳೆಗೆ ಹಾಕಿದ್ದೂ ನಾನೇ. ಫೋನಲ್ಲಿದ್ದೆ."

ಮೆಕ್ಯಾನಿಕ್ ಸ್ಪ್ಯಾನರ್ ಒರೆಸತೊಡಗಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

"ಮೊಳೆಯಲ್ಲಿತ್ತಾ?" ಎಂದರು ಮಾವ.

"ಹೂಂ."

"ಹಾಗಾದ್ರೆ ತೆರೆದಿದೆ ಅಂತ್ಲೇ ಅಂದ್ಕೊಂಡಿರ್ತಾನೆ."

"ಹೂಂ, ಮಾವ."

ಅವರ ಹೆಗಲು ಮೂಟೆ ಇಳಿಸಿದಂತೆ ಸಡಿಲಾಯಿತು. "ಮರೀಲಿಲ್ಲ ನನ್ ಮಗ," ಎಂದು ತಮ್ಮಷ್ಟಕ್ಕೇ ಅಂದುಕೊಂಡರು. ಒಂದು ಗಳಿಗೆ ಆ ಮುಖ ಗೆಲುವಾಗಿಯೇ ಇತ್ತು. ಆಮೇಲೆ ಕಣ್ಣು ಸೊಸೆಯ ಮೇಲೆ ಬಿತ್ತು, ಅಲ್ಲಿ ನಿಲ್ಲಲಾರದೆ ಬೇರೆಡೆ ಹೊರಳಿತು.

"ಹೊಸ ಚಕ್ರ ಹಾಕಪ್ಪ," ಎಂದು ಮೆಕ್ಯಾನಿಕ್‌ಗೆ ಹೇಳಿ ಎದ್ದರು. ಹತ್ತು ತಿಂಗಳಿಂದ ಎಲ್ಲಿಗೆ ಹೊರಟರೂ "ನಡಿ ಮಗಳೇ" ಎಂದು ಅವಳನ್ನು ಮುಂದೆ ಬಿಟ್ಟು ನಡೆಯುತ್ತಿದ್ದವರು, ಒಬ್ಬರೇ ದೋಣಿಯ ಏಣಿ ಇಳಿದರು. ಶೆಡ್ಡಿನ ತಗಡಿನ ಬಾಗಿಲು ಕಿರುಗುಟ್ಟಿತು.

"ಅಕ್ಕಾ, ಏಣಿ ಅಲ್ಲಾಡುತ್ತೆ. ಇಳಿಯೋದಾದ್ರೆ ಹಿಡ್ಕೊಳ್ತೀನಿ," ಎಂದ ಮೆಕ್ಯಾನಿಕ್.

"ಬೇಡಪ್ಪ. ಇಳಿಯೋಕೆ ಬರುತ್ತೆ," ಎಂದಳು. ಆದರೆ ಏಳಲಿಲ್ಲ.