ಸಕ್ಕರಿ ಅಂಗಡಿ ಸಾವ್ಕಾರ

ಮಗಳು ಲಹರಿ ಮೆಚ್ಚಿದ ಹುಡುಗ ದಿನೇಶನ ಮನೆಯವರು ಭಾನುವಾರ ಬರುವವರಿದ್ದರು. ಅದಕ್ಕೆ ಸಾವಿತ್ರಿ ಹಿಂದಿನ ದಿನವೇ, ಹೈದರಾಬಾದಿನಲ್ಲೇ ಇದ್ದ ಅಕ್ಕ ಗೋದಾವರಿಯನ್ನು ಸನತ್‌ನಗರದಿಂದ ಕೊಂಡಾಪುರದ ತನ್ನ ಫ್ಲ್ಯಾಟಿಗೆ ಕರೆಸಿಕೊಂಡಿದ್ದಳು. ಶೇಂಗಾ ಹೋಳಿಗೆಯನ್ನು ಅಕ್ಕನಷ್ಟು ತೆಳ್ಳಗೆ ಲಟ್ಟಿಸುವುದು ಅವಳಿಗೆ ಇಷ್ಟು ವರ್ಷವಾದರೂ ಬಂದಿರಲಿಲ್ಲ.

ಮಧ್ಯಾಹ್ನ ಅಕ್ಕ ಬಾಲ್ಕನಿಯಲ್ಲಿ ಕೂತು ಶೇಂಗಾದ ಸಿಪ್ಪೆ ಕೇರುತ್ತಿದ್ದಾಗ, ಪಕ್ಕದಲ್ಲಿ ಏಳುತ್ತಿದ್ದ ಕಟ್ಟಡದಿಂದ ಹಾಡೊಂದು ಕೇಳಿಸಿತು. ಯಾದಗಿರಿ ಕಡೆಯ ಕೂಲಿಯವರು ಊಟದ ಹೊತ್ತಿಗೆ ಮೊಬೈಲಿನಲ್ಲಿ ಹಚ್ಚಿದ್ದರು.

"ಸಾವಿ, ಬಾ ಇಲ್ಲೆ. ಗುರುದೇವಿ ದನಿ ಅಲ್ಲೇನ ಇದು?"

ಸಾವಿತ್ರಿ ಒದ್ದೆ ಕೈಯಲ್ಲೇ ಓಡಿ ಬಂದಳು. ಸುರಪುರದ ಹಾಡುಗಾರ್ತಿ ಗುರುದೇವಿಯ ದನಿಯೇ. ಹಲಗಿ, ಹಾರ್ಮೋನಿಯಂ, ಅವುಗಳ ನಡುವೆ ಕೀಬೋರ್ಡಿನ ಕೀಚಲು ರಾಗ. ಒಂದು ಕಾಲದಲ್ಲಿ ಕಲಬುರಗಿಯಿಂದ ಹೈದರಾಬಾದಿನವರೆಗೆ ಯಾವ ಟೆಂಪೊ ಹತ್ತಿದರೂ ಇದೇ ದನಿ ಇರುತ್ತಿತ್ತು. ಡಿಗ್ರಿ ಓದಲು ಊರಿನಿಂದ ಬಂದ ಸಾವಿತ್ರಿ ಸನತ್‌ನಗರದಲ್ಲಿ ಅಕ್ಕನ ಮನೆಯಲ್ಲೇ ಇದ್ದಳು. ಲೇತ್ ಮಷಿನ್ನಿನ ಕೆಲಸ ಮುಗಿಸಿ ಬರುವಾಗ ಭಾವ ಬಸವಲಿಂಗಪ್ಪ ಹೊಸ ಕ್ಯಾಸೆಟ್ ತಂದರೆ ಮೊದಲು ಕಸಿದುಕೊಳ್ಳುತ್ತಿದ್ದವಳು ಅವಳೇ.

ಲಹರಿ ತನ್ನ ಫೋನಿನಲ್ಲಿ ಹುಡುಕಿ, ಗುರುದೇವಿಯ ಹಳೆಯ ಹಿಟ್‌ಗಳೆಲ್ಲ ಒಂದೇ ಕಡೆ ಇದ್ದದ್ದನ್ನು ಹಾಲ್‌ನಲ್ಲಿದ್ದ ಸ್ಪೀಕರಿಗೆ ಹಚ್ಚಿದಳು.

"ಸಕ್ಕರಿ ಅಂಗಡಿ ಸಾವ್ಕಾರ, ತಕ್ಕಡಿ ಯಾಕೊ ತೂಗವಲ್ದು? ಹಿಡಿ ತುಂಬ ಕೊಟ್ಟರ ಸಾಲದೊ ನನಗ, ಚೀಲಾನ ಬಿಚ್ಚೊ ಮನಸಾರ."

ಅಕ್ಕನಿಗೆ ಅರ್ಧ ಸಾಲುಗಳು ಮರೆತಿದ್ದವು. ಸಾವಿತ್ರಿಗೆ ಒಂದೂ ಮರೆತಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಲಟ್ಟಣಿಗೆ ಹಿಡಿದುಕೊಂಡೇ ಕುಣಿದಳು. ಅಕ್ಕ ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

"ಮಮ್ಮಿ, ನೀ ಹಿಂಗೆಲ್ಲ ಹಾಡ್ತಿ ಅಂತ ನನಗ ಗೊತ್ತೇ ಇರಲಿಲ್ಲ," ಎಂದಳು ಲಹರಿ.

"ನಿಮ್ಮವ್ವನ ಹುಚ್ಚು ನಿನಗೇನ ಗೊತ್ತವ್ವ," ಎಂದಳು ಗೋದಾವರಿ. "ಪರೀಕ್ಷಾ ಇದ್ರೂ ಟೇಪ್ ಬಂದ್ ಮಾಡ್ತಿರಲಿಲ್ಲ."

ಮರುದಿನ ದಿನೇಶನೂ ಅವನ ತಂದೆ ತಾಯಿಯೂ ಬಂದರು. ಬಹಳ ಹಿಂದೆಯೇ ಮೈಸೂರಿನಿಂದ ಬಂದು ಬೇಗಂಪೇಟೆಯಲ್ಲಿ ನೆಲೆಸಿದವರು. ತಾಯಿ ವತ್ಸಲಾ ಮನೆಯಲ್ಲಿ ಮಕ್ಕಳಿಗೆ ಶಾಸ್ತ್ರೀಯ ಸಂಗೀತ ಹೇಳಿಕೊಡುತ್ತಿದ್ದರು. ಅವರ ಮುಂದೆ ಕೂತ ಕೂಡಲೇ ಸಾವಿತ್ರಿಯ ಮಾತು ತಾನಾಗಿಯೇ ಬದಲಾಯಿತು. "ಐತಿ" ಹೋಗಿ "ಇದೆ" ಬಂತು. ಗಂಡ ವಿನಾಯಕ ಒಮ್ಮೆ ಅವಳನ್ನು ವಿಚಿತ್ರವಾಗಿ ನೋಡಿದ.

ಮಾತು ಸಂಗೀತದ ಕಡೆ ತಿರುಗಿತು. ಲಹರಿ ಕಲಿತಿದ್ದಾಳಾ ಎಂದು ವತ್ಸಲಾ ಕೇಳಿದರು. ಚಿಕ್ಕವಳಿದ್ದಾಗ ಸ್ವಲ್ಪ ಕಲಿತು ಬಿಟ್ಟಳು ಎಂದ ವಿನಾಯಕ, ಶಾಲೆಯಲ್ಲಿ ಹಾಡಿದ್ದ ವಿಡಿಯೊ ತೋರಿಸು ಎಂದು ಮಗಳಿಗೆ ಹೇಳಿದ. ಲಹರಿ ಫೋನು ತೆಗೆದು ಏನನ್ನೋ ಒತ್ತಿದಳು. ಫೋನು ಇನ್ನೂ ಸ್ಪೀಕರಿಗೆ ಜೋಡಣೆಯಾಗಿಯೇ ಇತ್ತು. ನಿನ್ನೆ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಗುರುದೇವಿ ದೊಡ್ಡ ದನಿಯಲ್ಲಿ ಎತ್ತಿಕೊಂಡಳು: "ಚೀಲಾನ ಬಿಚ್ಚೊ ಮನಸಾರ..."

ಲಹರಿ ತಡಬಡಿಸಿ ನಿಲ್ಲಿಸುವಷ್ಟರಲ್ಲಿ ಹಲಗಿಯ ಪೆಟ್ಟು ಹಾಲ್ ತುಂಬ ಹಬ್ಬಿತ್ತು. ದಿನೇಶನ ತಂದೆ ಕೆಮ್ಮಿದರು.

"ಅದು ನಮ್ಮಕ್ಕ ಹಾಕ್ಕೊಂಡಿದ್ದು," ಎಂದಳು ಸಾವಿತ್ರಿ, ನಗುತ್ತ. "ಅವರಿಗೆ ಇಂಥವೇ ಇಷ್ಟ. ಸನತ್‌ನಗರದಲ್ಲಿ, ಫ್ಯಾಕ್ಟರಿ ಕಡೆ ಇರೋದು ನೋಡಿ, ಅಲ್ಲೆಲ್ಲ ಇಂಥವೇ."

ಮಾತು ಮುಗಿಸಿ ತಲೆ ಎತ್ತಿದರೆ, ಹೋಳಿಗೆಯ ತಟ್ಟೆ ಹಿಡಿದು ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಹೌದ್ರಿ," ಎಂದಳು ಗೋದಾವರಿ. "ನಾನ ಹಚ್ಚಿದ್ದೆ." ತಟ್ಟೆಯನ್ನು ಟೀಪಾಯಿಯ ಮೇಲಿಟ್ಟು ಒಳಗೆ ಹೋದಳು.

ಆಮೇಲೆ ಅವಳು ಹೊರಗೆ ಬರಲಿಲ್ಲ. ಬೀಗರು ಹೋಗುವಾಗ ಕುಂಕುಮ ಕೊಡಲು ಕರೆದರೂ, ಕೈ ಹಿಟ್ಟಾಗಿದೆ ಎಂದಳು. ಸಂಜೆ ಆಟೊ ಹತ್ತುವ ಮುನ್ನ ಲಹರಿಯ ತಲೆ ಸವರಿ, "ಹುಡುಗ ಚೊಲೊ ಅದಾನ," ಎಂದಳು. ಸಾವಿತ್ರಿಗೆ, "ಉಳಿದ ಹೋಳಿಗಿ ಡಬ್ಬ್ಯಾಗ ಇಟ್ಟೀನಿ," ಎಂದಳು, ಅಷ್ಟೇ.

ಆಟೊ ಗೇಟು ದಾಟಿದ ಮೇಲೆ ಲಹರಿ ಹೇಳಿದಳು: "ಹಾಡು ನನ್ನ ಫೋನಿನಾಗ ಇತ್ತು. ನಂದು ಅಂದಿದ್ರ ಮುಗೀತಿತ್ತಲ್ಲ ಮಮ್ಮಿ?"

ಅದು ಹೌದಲ್ಲ, ಅಷ್ಟು ಸುಲಭವಿತ್ತಲ್ಲ ಎಂದು ಅನಿಸಿ ಸಾವಿತ್ರಿ ಇನ್ನಷ್ಟು ಕುಗ್ಗಿದಳು. ಅಕ್ಕನ ಹೆಸರೇ ಯಾಕೆ ಮೊದಲು ಬಾಯಿಗೆ ಬಂತು?

ಎರಡು ದಿನ ಬಿಟ್ಟು ವತ್ಸಲಾ ಫೋನು ಮಾಡಿದರು. ಅವರಿಗೆಲ್ಲ ಒಪ್ಪಿಗೆಯಾಗಿತ್ತು. ಕೊನೆಗೆ, "ನಿಮ್ಮಕ್ಕನ್ನ ಮಾತಾಡಿಸೋಕೇ ಆಗಲಿಲ್ಲ. ಒಳಗೇ ಇದ್ದುಬಿಟ್ರು. ನಮ್ಮಿಂದ ಏನಾದ್ರೂ ಬೇಜಾರಾಯ್ತಾ?" ಎಂದು ಕೇಳಿದರು.

ತಾನು ಸುಳ್ಳು ಹೇಳಿದ್ದೆ ಎಂಬ ಮಾತು ಸಾವಿತ್ರಿಯ ನಾಲಿಗೆಯ ತುದಿಯವರೆಗೆ ಬಂತು. "ಇಲ್ಲ ಇಲ್ಲ," ಎಂದಳು. "ಅವರದು ಸ್ವಲ್ಪ ನಾಚಿಕೆ ಸ್ವಭಾವ."

ಫೋನಿಟ್ಟ ಮೇಲೆ ಅಲ್ಲೇ ಮಂಚದ ಮೇಲೆ ಕೂತಳು. ಮೊದಲನೆಯ ಸಲ ಗಾಬರಿಯಲ್ಲಿ ಬಾಯಿ ಜಾರಿತು ಎಂದುಕೊಂಡಿದ್ದಳು. ಈ ಸಲ ಗಾಬರಿ ಏನೂ ಇರಲಿಲ್ಲ. ಎದ್ದು ಸೀರೆ ಬದಲಿಸಿ ಸನತ್‌ನಗರಕ್ಕೆ ಹೊರಟಳು.

ಅಕ್ಕನ ಮನೆ ಹಳೆಯ ಕಾರ್ಮಿಕರ ಕ್ವಾರ್ಟರ್ಸಿನ ಸಾಲಿನಲ್ಲಿತ್ತು. ಗೋದಾವರಿ ಹೊಸ್ತಿಲಲ್ಲಿ ಕೂತು ಮೆಂತ್ಯೆ ಸೊಪ್ಪು ಸೋಸುತ್ತಿದ್ದಳು. ತಂಗಿಯನ್ನು ಕಂಡು ಎದ್ದು ಕುರ್ಚಿ ಹಾಕಿದಳು. ಸಾವಿತ್ರಿಗೆ ಅದೇ ಚುಚ್ಚಿತು. ಈ ಮನೆಯಲ್ಲಿ ಅವಳು ಯಾವತ್ತೂ ಕುರ್ಚಿಯಲ್ಲಿ ಕೂತವಳಲ್ಲ. ಕುರ್ಚಿ ಬಿಟ್ಟು ನೆಲಕ್ಕೆ ಕೂತಳು.

"ಅಕ್ಕಾ, ಅವತ್ತ ನಾ ತಪ್ಪ ಮಾಡ್ದೆ. ಹಾಡು ನಂದಿತ್ತು, ನಿನ್ನ ಮ್ಯಾಲ ಹಾಕಿದೆ."

"ಹಾಡಿಂದೇನೈತಿ ಬಿಡು. ಒಬ್ಬರ ಮ್ಯಾಲ ಹಾಕೂದಿತ್ತು, ನಾ ಇದ್ದೆ."

"ಹಂಗಾದ್ರ ಸಿಟ್ಟಿಲ್ಲೇನು?"

ಗೋದಾವರಿ ಸೊಪ್ಪಿನ ದಂಟನ್ನು ಬದಿಗಿಟ್ಟಳು. "ಅಲ್ಲೆಲ್ಲ ಇಂಥವೇ ಅಂದೆಲ್ಲ. ಆ 'ಅಲ್ಲಿ' ಅನ್ನೂದು ಇದ ಮನಿ, ಸಾವಿ. ಈ ಗ್ವಾಡಿಗೆ ಬೆನ್ನ ಹಚ್ಚಿ ಕುಂತು ನೀ ಓದಿದಿ. ನಿಮ್ಮ ಭಾವ ರಾತ್ರಿ ಪಾಳಿ ಮುಗಿಸಿ ಬಂದು, ನೀ ಓದಾಕತ್ತಿದ್ರ ಹೊರಗ ಮಲಗ್ತಿದ್ರು. ಅವರ ಎದುರಿಗೆ ಆ ಮಾತು ಹ್ಯಾಂಗ ಹೇಳ್ಲಿ ನಾನು?"

"ಹೇಳಿದೇನು?"

"ಇಲ್ಲ. ಹೋಳಿಗಿ ಭಾಳ ಚೊಲೊ ಆಗಿದ್ವು ಅಂತ ಬೀಗರು ಅಂದ್ರು ಅಂತ ಹೇಳೀನಿ."

ಸಾವಿತ್ರಿ ಮುಖ ಎತ್ತಲಿಲ್ಲ. ಅಕ್ಕ ಅವಳನ್ನು ಸಮಾಧಾನ ಮಾಡಲಿಲ್ಲ. ಒಳಗೆ ಹೋಗಿ ಚಹಾ ಮಾಡಿ ತಂದುಕೊಟ್ಟಳು.

"ನಿಶ್ಚಯಕ್ಕ ಬರ್ತೀ ಅಲ್ಲಕ್ಕ?"

"ಬರ್ತೀನಿ. ಲಹರೀದು ಅದು, ಬರದ ಇರ್ತೀನೇನು? ಆದ್ರ ಅಡಗಿಮನಿಗೆ ಬರಂಗಿಲ್ಲ. ನಿಮ್ಮ ಭಾವನೂ ಬರ್ತಾರ, ನಾನೂ ಬರ್ತೀನಿ. ಮಂದಿ ನಡುವ ಕುಂದ್ರತೀವಿ."

ನಿಶ್ಚಿತಾರ್ಥ ಬೇಗಂಪೇಟೆಯ ಸಣ್ಣ ಹಾಲೊಂದರಲ್ಲಿ ನಡೆಯಿತು. ಗೋದಾವರಿ ಇಳಕಲ್ ಸೀರೆಯುಟ್ಟು ಬಸವಲಿಂಗಪ್ಪನ ಜೊತೆ ಮುಂದಿನ ಸಾಲಿನಲ್ಲಿ ಕೂತಳು. ಸಾವಿತ್ರಿ ವತ್ಸಲಾರನ್ನು ಅಲ್ಲಿಗೆ ಕರೆದುಕೊಂಡು ಬಂದಳು.

"ಇವರು ನಮ್ಮಕ್ಕ, ಇವರು ಭಾವ. ನಾ ಓದಿದ್ದು ಇವರ ಮನ್ಯಾಗ ಇದ್ದುಕೊಂಡ್ರಿ. ಅವತ್ತು ನಮ್ಮ ಮನ್ಯಾಗ ಆ ಹಾಡು ಬಂತಲ್ರಿ, ಅದು ಅಕ್ಕ ಹಚ್ಚಿದ್ದಲ್ಲ. ನನಗ ಭಾಳ ಸೇರೂ ಹಾಡು ಅದು. ನಾಚಿಕಿಗೆ ಸುಳ್ಳು ಹೇಳಿದೆ."

ವತ್ಸಲಾ ಹುಬ್ಬು ಗಂಟಿಕ್ಕಿ ನೆನಪಿಸಿಕೊಳ್ಳಲು ನೋಡಿದರು. "ಯಾವ ಹಾಡು?" ಎಂದರು. ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ. ಗೋದಾವರಿಯ ಕೈ ಹಿಡಿದು, "ಹೋಳಿಗೆ ಮಾತ್ರ ನೆನಪಿದೆ," ಎಂದು ನಕ್ಕು, ಯಾರೋ ಕರೆದದ್ದಕ್ಕೆ ಆ ಕಡೆ ಹೋದರು.

ಬಸವಲಿಂಗಪ್ಪ ಹೆಂಡತಿಯ ಕಡೆ ವಾಲಿ, "ಏನ ಸುಳ್ಳು? ಯಾವ ಹಾಡು?" ಎಂದು ಕೇಳಿದ.

ಗೋದಾವರಿ ತಂಗಿಯ ಮುಖವನ್ನು ಒಂದು ಗಳಿಗೆ ನೋಡಿದಳು.

"ಆಕೀನ ಹೇಳ್ತಾಳ," ಎಂದಳು. "ಕುಂದರು ಸಾವಿ, ನಿಮ್ಮ ಭಾವಗ ಹೇಳು."

ಸಾವಿತ್ರಿ ಭಾವನ ಪಕ್ಕದ ಕುರ್ಚಿಯಲ್ಲಿ ಕೂತಳು. ವೇದಿಕೆಯ ಮೇಲೆ ಲಹರಿ ಉಂಗುರಕ್ಕೆ ಬೆರಳು ಚಾಚುತ್ತಿದ್ದಳು. ಎಲ್ಲರೂ ಆ ಕಡೆ ನೋಡುತ್ತಿದ್ದರು. ಅವಳು ಮಾತ್ರ ತಲೆ ತಗ್ಗಿಸಿ, ಸಣ್ಣ ದನಿಯಲ್ಲಿ, ಭಾವನಿಗೆ ಮೊದಲಿನಿಂದ ಹೇಳತೊಡಗಿದಳು.